ತಾಸು, ಗಂಟೆ ಮತ್ತು ‘ಅವರ್’: ವಿಜಯಪುರ ಸೀಮೆಯ ಒಂದು ಕಾಲವಾಚಕದ ಪರವಾಗಿ

ಇಂಗ್ಲಿಷಿನ ‘ಅವರ್’ ಎಂಬ ಪದಕ್ಕೆ ಕನ್ನಡದಲ್ಲಿ ಸಮಾನಾರ್ಥಕ ಪದ ಯಾವುದೆಂದು ಕೇಳಿದರೆ ಪಠ್ಯಪುಸ್ತಕಗಳೂ ಅನುವಾದಕರೂ ಸರಕಾರಿ ಪ್ರಕಟಣೆಗಳೂ ಸಾಮಾನ್ಯವಾಗಿ ಕೊಡುವ ಉತ್ತರ ‘ಗಂಟೆ’. ಇದೇ ಪ್ರಶ್ನೆಯನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತನಿಗೋ ಗೃಹಿಣಿಗೋ ಕೇಳಿದರೆ ಉತ್ತರ ಎರಡಾಗುತ್ತದೆ. ಗಡಿಯಾರದ ಮುಳ್ಳು ತೋರಿಸುವ ಸಮಯಬಿಂದು ‘ಗಂಟೆ’, ಅಲ್ಲಿಯ ಉಚ್ಚಾರಣೆಯಲ್ಲಿ ‘ಗಂಟಿ’. ಒಂದು ಕೆಲಸಕ್ಕೆ ಹಿಡಿಯುವ ಅರುವತ್ತು ನಿಮಿಷಗಳ ಅವಧಿ ‘ತಾಸು’. ‘ಎಂಟ ಗಂಟಿಗೆ ಬಂದೆ, ಎರಡ ತಾಸ ಕುಂತೆ’ ಎಂಬ ಮಾತಿನಲ್ಲಿ ಈ ಎರಡು ಪದಗಳ ಸ್ಥಾನವನ್ನು ಅದಲುಬದಲು ಮಾಡಲಾಗದು. ಇಂಗ್ಲಿಷಿನಲ್ಲಿ ‘ಅವರ್’ ಮತ್ತು ‘ಓ ಕ್ಲಾಕ್’ ಎಂಬ ಎರಡು ಪದಗಳು ಹಂಚಿಕೊಂಡಿರುವ ಕೆಲಸವನ್ನು ಈ ಸೀಮೆಯ ಕನ್ನಡದಲ್ಲಿ ತಾಸು ಮತ್ತು ಗಂಟೆಗಳು ಹಂಚಿಕೊಂಡಿವೆ. ಶಿಷ್ಟ ಕನ್ನಡದಲ್ಲಿ ಆ ಎರಡೂ ಕೆಲಸಗಳ ಭಾರ ‘ಗಂಟೆ’ಯೊಂದರ ಮೇಲೆಯೇ ಬಿದ್ದಿದೆ.

ಹೀಗಿದ್ದರೂ ‘ತಾಸು’ ಎಂಬ ಪದವನ್ನು ಪ್ರಾದೇಶಿಕ, ಗ್ರಾಮ್ಯ, ಮರಾಠಿಯ ಸೋಂಕು ತಗುಲಿದ್ದು ಎಂಬ ಹಣೆಪಟ್ಟಿಗಳಡಿಯಲ್ಲಿ ಬದಿಗಿಡುವ ಪ್ರವೃತ್ತಿ ಶಿಕ್ಷಣ ವಲಯದಲ್ಲಿ ಬಲವಾಗಿದೆ. ಮಗು ಪ್ರಬಂಧದಲ್ಲಿ ‘ಮೂರು ತಾಸು ನಡೆದೆವು’ ಎಂದು ಬರೆದರೆ ಅದು ಕೆಂಪು ಶಾಯಿಯಲ್ಲಿ ‘ಮೂರು ಗಂಟೆ’ಯಾಗುವ ಸಂಭವವೇ ಹೆಚ್ಚು. ಈ ತಿದ್ದುಪಡಿ ಭಾಷಾಶಾಸ್ತ್ರದ ದೃಷ್ಟಿಯಿಂದ ಸಮರ್ಥನೀಯವೇ ಎಂಬುದು ವಿಚಾರಾರ್ಹ. ಅದಕ್ಕಾಗಿ ಈ ಪದಗಳ ಮೂಲವನ್ನು ಒಮ್ಮೆ ನೋಡಬೇಕಾಗುತ್ತದೆ. ಇಂಗ್ಲಿಷಿನ ಪದದಿಂದಲೇ ತೊಡಗುವುದು ಅನುಕೂಲ. ಏಕೆಂದರೆ ಯಾರೂ ಅಶುದ್ಧವೆಂದು ಭಾವಿಸದ ಆ ಪದವೂ ಇಂಗ್ಲಿಷಿಗೆ ಎರವಲಾಗಿಯೇ ಬಂದದ್ದು.

‘ಅವರ್’ ಇಂಗ್ಲಿಷಿನ ಸ್ವಂತ ಪದವಲ್ಲ. ಅದು ಹದಿಮೂರನೆಯ ಶತಮಾನದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಫ್ರೆಂಚಿಗೆ ಅದು ಲ್ಯಾಟಿನ್ನಿನ ‘ಹೋರಾ’ದಿಂದ, ಲ್ಯಾಟಿನ್ನಿಗೆ ಗ್ರೀಕಿನಿಂದ ಬಂದದ್ದು. ಗ್ರೀಕಿನಲ್ಲಿ ಅದರ ಮೊದಲ ಅರ್ಥ ಋತು, ವರ್ಷದ ಒಂದು ಭಾಗ. ದಿನದ ಒಂದು ಭಾಗ ಎಂಬ ಅರ್ಥವೂ ಹಗಲಿನ ಹನ್ನೆರಡನೆಯ ಒಂದು ಪಾಲು ಎಂಬ ಅರ್ಥವೂ ಆಮೇಲಿನವು. ಇಂಗ್ಲಿಷಿನಲ್ಲಿ ವರ್ಷವೆಂಬ ಅರ್ಥದ ‘ಇಯರ್’ ಎಂಬ ಪದವೂ ಇದೇ ಇಂಡೋ-ಯುರೋಪಿಯನ್ ಮೂಲದಿಂದ ಬಂದದ್ದೆಂದು ವಿದ್ವಾಂಸರು ಒಪ್ಪುತ್ತಾರೆ. ವರ್ಷಕ್ಕೂ ಅರುವತ್ತು ನಿಮಿಷಕ್ಕೂ ಒಂದೇ ಬೇರು! ‘ಅವರ್’ ಬರುವ ಮುನ್ನ ಹಳೆಯ ಇಂಗ್ಲಿಷಿನಲ್ಲಿ ‘ಟೀಡ್’, ‘ಸ್ಟುಂಡ್’ ಎಂಬ ಪದಗಳಿದ್ದವು. ಎರಡನೆಯದರ ಬಂಧುವಾದ ‘ಷ್ಟುಂಡೆ’ ಇಂದಿಗೂ ಜರ್ಮನ್ ಭಾಷೆಯಲ್ಲಿ ಅರುವತ್ತು ನಿಮಿಷಗಳ ಅವಧಿಯನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಅದು ಮರೆಯಾಯಿತು. ‘ಟೀಡ್’ ಎಂಬುದು ಇಂದು ‘ಟೈಡ್’ ಆಗಿ ಸಮುದ್ರದ ಭರತ-ಇಳಿತಗಳಿಗೆ ಮೀಸಲಾಗಿದೆ. ಕುತೂಹಲದ ಸಂಗತಿಯೆಂದರೆ ಸಂಸ್ಕೃತದ ‘ವೇಲಾ’ ಎಂಬ ಪದದಲ್ಲಿಯೂ ಕಡಲ ತೀರ, ಭರತ, ಎಲ್ಲೆ, ಸಮಯ ಎಂಬ ಅರ್ಥಗಳೆಲ್ಲ ಒಟ್ಟಿಗೆ ಇವೆ. ಕಡಲಿನಿಂದ ದೂರವಿರುವ ಸಿಂದಗಿಯಲ್ಲಿ ಅದು ‘ವ್ಯಾಳ್ಯಾ’ ಆಗಿ ಸಮಯವೆಂಬ ಅರ್ಥದಲ್ಲಿ ಮಾತ್ರ ಉಳಿದುಕೊಂಡಿದೆ.

ಗ್ರೀಕಿನ ಇದೇ ಪದ ಪೂರ್ವಕ್ಕೂ ಪ್ರಯಾಣ ಮಾಡಿತು. ಭಾರತೀಯ ಜ್ಯೋತಿಷದ ‘ಹೋರಾ’ ಎಂಬ ಪಾರಿಭಾಷಿಕ ಪದ ಅದರದೇ ರೂಪ. ಆರನೆಯ ಶತಮಾನದ ವರಾಹಮಿಹಿರನು ‘ಬೃಹಜ್ಜಾತಕ’ದಲ್ಲಿ, ‘ಅಹೋರಾತ್ರ’ ಎಂಬ ಪದದ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಆಯಿತೆಂಬ ನಿಷ್ಪತ್ತಿಯನ್ನು ಉಲ್ಲೇಖಿಸುತ್ತಾನೆ. ಆ ನಿಷ್ಪತ್ತಿ ಜಾಣತನದ್ದಾದರೂ ಇಂದಿನ ಭಾಷಾಶಾಸ್ತ್ರ ಅದನ್ನು ಒಪ್ಪುವುದಿಲ್ಲ. ವಾರದ ಏಳು ದಿನಗಳಿಗೆ ಗ್ರಹಗಳ ಹೆಸರು ಬಂದ ಕ್ರಮವೂ ಇಪ್ಪತ್ನಾಲ್ಕು ಹೋರೆಗಳ ಲೆಕ್ಕದಿಂದಲೇ ಸಿದ್ಧಿಸುತ್ತದೆ. ಸೂರ್ಯೋದಯದ ಹೋರೆಗೆ ಯಾವ ಗ್ರಹ ಅಧಿಪತಿಯೋ ಆ ಗ್ರಹದ ಹೆಸರೇ ವಾರದ ಹೆಸರು. ಅಂದರೆ ಇಂಗ್ಲಿಷಿನ ‘ಅವರ್’ ಬ್ರಿಟಿಷರೊಡನೆ ಬರುವುದಕ್ಕೆ ಸಾವಿರ ವರ್ಷ ಮೊದಲೇ ಅದರ ಅಕ್ಕ ಪಂಚಾಂಗದೊಳಗೆ ಮನೆ ಮಾಡಿಕೊಂಡಿದ್ದಳು. ಇದೇ ಕಾಲದಲ್ಲಿ ಇದೇ ದಾರಿಯಿಂದ ಬಂದ ಮತ್ತೊಂದು ಪದ ‘ಕೇಂದ್ರ’. ಇಂಡಿಯನ್ನು ತಾಲ್ಲೂಕು ಕೇಂದ್ರವೆಂದು ಬರೆಯುವಾಗ ‘ಕೇಂದ್ರ’ ಗ್ರೀಕಿನದು, ‘ತಾಲ್ಲೂಕು’ ಅರಬ್ಬಿಯದು ಎಂದು ಯಾರೂ ಲೇಖನಿಯನ್ನು ತಡೆಯುವುದಿಲ್ಲ.

‘ಕ್ಲಾಕ್’ ಎಂಬ ಪದದ ಕಥೆ ಕನ್ನಡಕ್ಕೆ ಇನ್ನೂ ಹತ್ತಿರದ್ದು. ಮಧ್ಯಕಾಲೀನ ಲ್ಯಾಟಿನ್ನಿನಲ್ಲಿ ‘ಕ್ಲೊಕ್ಕಾ’ ಎಂದರೆ ಗಂಟೆ, ಬಾರಿಸುವ ಗಂಟೆ. ಜರ್ಮನ್ನಿನ ‘ಗ್ಲೋಕೆ’ ಇಂದಿಗೂ ಗಂಟೆಯೇ. ಮಠಗಳಲ್ಲಿ ಪ್ರಾರ್ಥನೆಯ ವೇಳೆಯನ್ನು ಗಂಟೆ ಬಾರಿಸಿ ಸಾರುತ್ತಿದ್ದರು. ಯಂತ್ರದ ಗಡಿಯಾರ ಬಂದಾಗ ಅದಕ್ಕೂ ಗಂಟೆಯ ಹೆಸರೇ ಅಂಟಿತು. ‘ಓ ಕ್ಲಾಕ್’ ಎಂದರೆ ಮೂಲತಃ ‘ಗಂಟೆಯ ಲೆಕ್ಕದಂತೆ’ ಎಂದರ್ಥ. ಕನ್ನಡದ ‘ಎಂಟು ಗಂಟೆ’ಯ ಹಿಂದೆಯೂ ಇರುವುದು ಎಂಟು ಸಲ ಬಾರಿಸಿದ ಲೋಹದ ನಾದ. ‘ಎಂಟ ಹೊಡೀತು’ ಎಂಬ ವಿಜಯಪುರದ ಮಾತಿನಲ್ಲಿ ಆ ಬಾರಿಸುವ ಕ್ರಿಯೆ ಇನ್ನೂ ಕೇಳಿಸುತ್ತದೆ.

ನಾದಕ್ಕೆ ಮೊದಲು ಅಳತೆ ಬೇಕು. ಭಾರತದಲ್ಲಿ ಆ ಅಳತೆಯನ್ನು ಶತಮಾನಗಳ ಕಾಲ ಮಾಡಿದ್ದು ಒಂದು ಪಾತ್ರೆ. ಅರ್ಧಗೋಳಾಕಾರದ ತಾಮ್ರದ ಬಟ್ಟಲು. ತಳದಲ್ಲಿ ಒಂದು ಸೂಕ್ಷ್ಮ ರಂಧ್ರ. ಅಗಲವಾದ ಪಾತ್ರೆಯ ನೀರಿನ ಮೇಲೆ ಅದನ್ನು ತೇಲಿಬಿಟ್ಟರೆ ರಂಧ್ರದಿಂದ ನೀರು ಮೆಲ್ಲನೆ ಒಳಗೇರಿ, ಇಂದಿನ ಲೆಕ್ಕದಲ್ಲಿ 24 ನಿಮಿಷಗಳಿಗೆ ಬಟ್ಟಲು ಮುಳುಗುತ್ತದೆ. ಒಂದು ಅಹೋರಾತ್ರಿಗೆ ಅರುವತ್ತು ಮುಳುಗು. ಚಿಕ್ಕ ಗಡಿಗೆ ಎಂಬ ಅರ್ಥದ ‘ಘಟಿಕಾ’ ಎಂಬ ಆ ಪಾತ್ರೆಯ ಹೆಸರೇ ಅದು ಅಳೆಯುವ ಕಾಲಕ್ಕೂ ಬಂದಿತು. ಕನ್ನಡದಲ್ಲಿ ಅದು ‘ಗಳಿಗೆ’. ಪಾತ್ರೆಯ ಹೆಸರೆಂಬುದು ಮರೆತುಹೋದ ಮೇಲೆ ಪಾತ್ರೆಯನ್ನು ಬೇರೆಯಾಗಿ ‘ಗಳಿಗೆ ಬಟ್ಟಲು’ ಎಂದು ಕರೆಯಬೇಕಾಯಿತು. ಗಡಿಗೆ, ಗಳಿಗೆ ಎರಡೂ ‘ಘಟ’ದ ಮಕ್ಕಳೇ ಆಗಿದ್ದರೂ ಒಂದು ಅಡುಗೆಮನೆಗೆ ಹೋಯಿತು, ಇನ್ನೊಂದು ಪಂಚಾಂಗಕ್ಕೆ ಹೋಯಿತು.

ಈ ಬಟ್ಟಲಿನ ಪ್ರಸ್ತಾಪ ಬಂದಾಗ ಭಾಸ್ಕರಾಚಾರ್ಯ ಮತ್ತು ಲೀಲಾವತಿಯ ಕಥೆ ನೆನಪಾಗದಿರದು. ಮದುವೆಯ ಮುಹೂರ್ತಕ್ಕಾಗಿ ತೇಲಿಬಿಟ್ಟ ಬಟ್ಟಲಿನೊಳಗೆ ಹುಡುಗಿಯ ಆಭರಣದ ಮುತ್ತೊಂದು ಬಿದ್ದು ರಂಧ್ರ ಮುಚ್ಚಿ, ಬಟ್ಟಲು ಮುಳುಗದೆ ಮುಹೂರ್ತ ಮೀರಿಹೋಯಿತೆಂಬ ಆ ಕಥೆ ಫೈಜಿ 1587ರಲ್ಲಿ ಮಾಡಿದ ‘ಲೀಲಾವತಿ’ಯ ಪಾರಸಿ ಅನುವಾದದಲ್ಲಿ ಕಾಣಿಸುತ್ತದೆ. 1114ರಲ್ಲಿ ಹುಟ್ಟಿದ ಭಾಸ್ಕರನ ಊರು ವಿಜಯಪುರವೇ ಎಂಬ ಅಭಿಮಾನದ ವಾದ ಈ ಭಾಗದಲ್ಲಿ ಪ್ರಚಲಿತವಾಗಿದೆ. ತನ್ನ ಊರು ಸಹ್ಯಪರ್ವತದ ಬಳಿಯದೆಂದು ಅವನೇ ಹೇಳಿಕೊಂಡಿರುವುದರಿಂದಲೂ ಅವನ ವಂಶಜರ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ ದೊರೆತಿರುವುದರಿಂದಲೂ ಆ ವಾದವನ್ನು ಒಪ್ಪುವುದು ಕಷ್ಟ. ಊರು ಯಾವುದಾದರೂ ಇರಲಿ, ಬಟ್ಟಲಿನ ಬಳಕೆ ದೇಶದ ಎಲ್ಲೆಡೆ ಇತ್ತು.

‘ತಾಸು’ ಎಂಬುದರ ಮೂಲವೂ ಬಟ್ಟಲೇ. ಅರಬ್ಬಿ ಮತ್ತು ಪಾರಸಿಗಳಲ್ಲಿ ‘ತಾಸ್’ ಎಂದರೆ ಲೋಹದ ಬಟ್ಟಲು, ಪಾನಪಾತ್ರೆ. ಈ ಪದ ಪಶ್ಚಿಮಕ್ಕೆ ಹೋಗಿ ಇಟಲಿಯಲ್ಲಿ ‘ತಾತ್ಸಾ’, ಫ್ರಾನ್ಸಿನಲ್ಲಿ ‘ತಾಸ್’, ಜರ್ಮನಿಯಲ್ಲಿ ‘ಟಾಸೆ’ ಆಯಿತು. ಅಲ್ಲೆಲ್ಲ ಅದರಲ್ಲಿ ಕಾಫಿ ಕುಡಿಯುತ್ತಾರೆ. ಪೂರ್ವಕ್ಕೆ ಬಂದಾಗ ಇಲ್ಲಿ ಅದಕ್ಕೆ ನೀರಿನ ಗಡಿಯಾರದ ನಂಟು ಕೂಡಿಕೊಂಡಿತು. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ (ಆಳ್ವಿಕೆ 1351-1388) ತನ್ನ ಫಿರೋಜಾಬಾದಿನಲ್ಲಿ ಕಾಲವನ್ನು ಅಳೆದು ಸಾರುವ ವ್ಯವಸ್ಥೆಯೊಂದನ್ನು ಸ್ಥಾಪಿಸಿದನು. ಅದನ್ನು ವರ್ಣಿಸಿರುವ ಇತಿಹಾಸಕಾರ ಶಮ್ಸ್ ಸಿರಾಜ್ ಅಫೀಫನು ಅದಕ್ಕೆ ಕೊಡುವ ಹೆಸರು ‘ತಾಸ್-ಎ-ಘಡಿಯಾಲ್’. ಮುಳುಗುವ ಬಟ್ಟಲು ಮತ್ತು ಅದು ಮುಳುಗಿದಾಗ ಬಾರಿಸುವ ಕಂಚಿನ ಜಾಗಟೆ ಸೇರಿದ ಈ ವ್ಯವಸ್ಥೆಯನ್ನು ಒಂದೂವರೆ ಶತಮಾನದ ನಂತರ ಬಾಬರನೂ ತನ್ನ ಆತ್ಮಚರಿತ್ರೆಯಲ್ಲಿ ಸಾಕಷ್ಟು ಆಸಕ್ತಿಯಿಂದ ವಿವರಿಸಿದ್ದಾನೆ. ರಾತ್ರಿ ಎಚ್ಚರವಾದವನಿಗೆ ಗಳಿಗೆಯ ಹೊಡೆತ ಕೇಳಿಸಿದರೂ ಅದು ಯಾವ ಜಾವದ ಗಳಿಗೆ ಎಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಗಳಿಗೆಯ ಜೊತೆ ಜಾವದ ಸಂಖ್ಯೆಯನ್ನೂ ಬಾರಿಸಬೇಕೆಂದು ಅವನು ಆಜ್ಞೆ ಮಾಡಿದನು.

‘ತಾಸ್-ಎ-ಘಡಿಯಾಲ್’ ಎಂಬ ಹೆಸರಿನ ಎರಡೂ ಅರ್ಧಗಳು ಕನ್ನಡಕ್ಕೆ ಬಂದಿವೆ. ‘ಘಡಿಯಾಲ್’ ಎಂಬ ಅರ್ಧ ‘ಗಡಿಯಾರ’ವಾಗಿ ಬೀದರದಿಂದ ಚಾಮರಾಜನಗರದವರೆಗೆ ಶಿಷ್ಟಪದವಾಯಿತು; ‘ಘಡಿ’ ಎಂಬುದು ಸಂಸ್ಕೃತದ ‘ಘಟೀ’ಯೇ ಆದರೂ ಕನ್ನಡಕ್ಕೆ ಆ ರೂಪ ಬಂದದ್ದು ಹಿಂದೂಸ್ತಾನಿಯ ಬಾಯಿಂದ. ‘ತಾಸ್’ ಎಂಬ ಅರ್ಧ ಉತ್ತರ ಕರ್ನಾಟಕದಲ್ಲಿ ‘ತಾಸು’ ಆಗಿ ನೆಲೆಸಿತು. ಒಂದೇ ಯಂತ್ರದ ಎರಡು ಅಂಗಗಳಲ್ಲಿ ಒಂದನ್ನು ಕನ್ನಡವೆಂದು ಎದೆಗಪ್ಪಿ ಇನ್ನೊಂದನ್ನು ಪರಕೀಯವೆಂದು ಹೊರಗಿಡುವುದಕ್ಕೆ ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಆಧಾರವಿರುವುದು ಭೂಗೋಳದಲ್ಲಿ ಮಾತ್ರ: ಒಂದು ಪದ ಮೈಸೂರಿನಲ್ಲಿ ಬಳಕೆಯಲ್ಲಿತ್ತು, ಇನ್ನೊಂದು ಇರಲಿಲ್ಲ.

ಈ ಪದ ವಿಜಯಪುರ ಸೀಮೆಗೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಬಹಮನಿಗಳ ಕಾಲದಿಂದ ತೊಡಗಿ 1490ರಿಂದ 1686ರವರೆಗಿನ ಆದಿಲಶಾಹಿ ಆಳ್ವಿಕೆಯುದ್ದಕ್ಕೂ ಪಾರಸಿ ಇಲ್ಲಿಯ ಆಸ್ಥಾನದ ಭಾಷೆ. ಹಳ್ಳಿಯ ಮಟ್ಟದ ಲೆಕ್ಕಪತ್ರಗಳಲ್ಲಿ ಮರಾಠಿಯ ಕೈ. 1760ರಲ್ಲಿ ವಿಜಯಪುರ ಪೇಶ್ವೆಗಳ ವಶವಾಯಿತು. 1818ರಲ್ಲಿ ಅವರ ಪತನದ ನಂತರ 1848ರವರೆಗೆ ಸಾತಾರೆಯ ಅರಸರಿಗೂ ಆಮೇಲೆ ನೇರವಾಗಿ ಮುಂಬಯಿ ಆಡಳಿತಕ್ಕೂ ಸೇರಿತು. 1956ರವರೆಗೆ ಕಚೇರಿಯ ಭಾಷೆಯ ಮೇಲೆ ಮರಾಠಿಯ ಪ್ರಭಾವ ಹೀಗೆ ಉಳಿದೇ ಇತ್ತು. ಮರಾಠಿಯಲ್ಲಿ ‘ತಾಸ’ ಎಂಬುದು ಅರುವತ್ತು ನಿಮಿಷಗಳ ಅವಧಿಗೆ ಇರುವ ದಿನಬಳಕೆಯ ಪದ. 24 ನಿಮಿಷಗಳ ಬಟ್ಟಲಿನ ಹೆಸರು 60 ನಿಮಿಷಗಳ ಅವಧಿಗೆ ಸಂದದ್ದು ಯಂತ್ರದ ಗಡಿಯಾರಗಳು ಬಂದ ಮೇಲಿನ ಬೆಳವಣಿಗೆಯಾಗಿರಬೇಕು. ಗಳಿಗೆ ಎಂಬ ಹಳೆಯ ಪದ ಹಳೆಯ ಅಳತೆಗೇ ಅಂಟಿಕೊಂಡಿತು; ಹೊಸ ಅಳತೆಗೆ ತಾಸು ಸಿಕ್ಕಿತು. ಎರಡೂವರೆ ಗಳಿಗೆಗೆ ಒಂದು ತಾಸು ಎಂಬ ಲೆಕ್ಕ ಪಂಚಾಂಗ ನೋಡಬಲ್ಲವರಿಗೆ ಇಂದಿಗೂ ಬಾಯಿಪಾಠ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮರಾಠಿಯಲ್ಲಿ ಕೆತ್ತು, ಸವರು ಎಂಬ ಅರ್ಥದ ‘ತಾಸಣೇ’ ಎಂಬ ಕ್ರಿಯಾಪದವೂ ಇದೆ. ದಿನದಿಂದ ಕೆತ್ತಿ ತೆಗೆದ ತುಂಡೇ ತಾಸು ಎಂದು ನಿಷ್ಪತ್ತಿ ಹೇಳುವುದು ಸುಲಭ. ಇಂಗ್ಲಿಷಿನ ‘ಟೈಮ್’ ಎಂಬ ಪದದ ಮೂಲಾರ್ಥವೂ ‘ಭಾಗಿಸು, ಪಾಲು ಮಾಡು’ ಎಂಬುದೇ ಆಗಿರುವುದರಿಂದ ಹೋಲಿಕೆ ಆಕರ್ಷಕವಾಗಿಯೂ ಕಾಣುತ್ತದೆ. ಆದರೆ ಆ ಕ್ರಿಯಾಪದ ಸಂಸ್ಕೃತದ ‘ತಕ್ಷ್’ ಧಾತುವಿನಿಂದ ಬಂದ ಬೇರೆಯದೇ ಪದ. ‘ಅಹೋರಾತ್ರ’ದಿಂದ ‘ಹೋರಾ’ ಬಂದಿತೆನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಎರವಲು ಎಂಬ ಕಾರಣಕ್ಕೆ ‘ತಾಸು’ ಅನರ್ಹವಾಗುವುದಾದರೆ ಕಾಲವನ್ನು ಕುರಿತ ಎಷ್ಟು ಪದಗಳನ್ನು ಕನ್ನಡ ಕೈಬಿಡಬೇಕಾದೀತು! ‘ತಾರೀಖು’ ಅರಬ್ಬಿಯದು. ‘ಮುದ್ದತು’, ‘ವಾಯಿದೆ’ಗಳೂ ಅದೇ ಮೂಲದವು. ‘ಪ್ರಸಕ್ತ ಸಾಲಿನಲ್ಲಿ’ ಎಂದು ಸರಕಾರಿ ಆದೇಶಗಳಲ್ಲಿ ಕಾಣುವ ‘ಸಾಲು’ ಕನ್ನಡದ ‘ಸಾಲು’ ಅಲ್ಲ, ವರ್ಷವೆಂಬ ಅರ್ಥದ ಪಾರಸಿಯ ‘ಸಾಲ್’. ಇವೆಲ್ಲವೂ ಬೆಂಗಳೂರಿನ ಕಚೇರಿಗಳಲ್ಲಿ ನಿತ್ಯ ಬಳಕೆಯಲ್ಲಿವೆ. ವ್ಯಾಕರಣ ಪುಸ್ತಕಗಳು ಇವುಗಳನ್ನು ಅನ್ಯದೇಶ್ಯವೆಂದು ವರ್ಗೀಕರಿಸಿ ಸುಮ್ಮನಾಗುತ್ತವೆ, ತಪ್ಪೆಂದು ತಿದ್ದುವುದಿಲ್ಲ. ‘ತಾಸು’ ಎಂಬುದಕ್ಕೆ ಮಾತ್ರ ಈ ಔದಾರ್ಯ ದೊರೆತಿಲ್ಲ.

ಆದರೆ ‘ತಾಸು’ ಪರವಾದ ವಾದ ಔದಾರ್ಯದ ಬೇಡಿಕೆಯಾಗಿ ನಿಲ್ಲಬೇಕಿಲ್ಲ. ಆ ಪದ ಮಾಡುವ ಕೆಲಸವೇ ಅದರ ಬಲವಾದ ಸಮರ್ಥನೆ. ಸುತ್ತಲ ಭಾಷೆಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಿಂದಿಯಲ್ಲಿ ಅವಧಿಗೆ ‘ಘಂಟಾ’, ಸಮಯಬಿಂದುವಿಗೆ ‘ಬಜೇ’. ಮರಾಠಿಯಲ್ಲಿ ಅವಧಿಗೆ ‘ತಾಸ’. ಸಮಯಬಿಂದುವಿಗೆ ಬಾರಿಸು ಎಂಬ ಅರ್ಥದ ಕ್ರಿಯಾಪದದಿಂದ ಬಂದ ‘ವಾಜತಾ’, ‘ವಾಜಲೇ’. ತಮಿಳಿನ ‘ಮಣಿ’ ಎಂದರೂ ಗಂಟೆಯೇ. ಆದರೆ ಅವಧಿಯನ್ನು ಹೇಳುವಾಗ ತಮಿಳರು ‘ಮಣಿ ನೇರಮ್’ ಎನ್ನುತ್ತಾರೆ, ಮಲಯಾಳಿಗಳು ‘ಮಣಿಕ್ಕೂರ್’ ಎನ್ನುತ್ತಾರೆ. ಯಾವ ವಸ್ತುವಿನ ಹೆಸರು ಯಾವ ಅರ್ಥಕ್ಕೆ ಸಲ್ಲಬೇಕೆಂಬ ನಿಯಮವೇನೂ ಇಲ್ಲ. ಹಿಂದಿಯಲ್ಲಿ ಗಂಟೆಯೇ ಅವಧಿಯಾಗಿದೆ, ವಿಜಯಪುರದ ಕನ್ನಡದಲ್ಲಿ ಅದೇ ಸಮಯಬಿಂದುವಾಗಿದೆ. ಎರಡು ಅರ್ಥಗಳಿಗೆ ಎರಡು ರೂಪಗಳಿರಬೇಕೆಂಬ ಒತ್ತಡ ಮಾತ್ರ ಈ ಭಾಷೆಗಳಲ್ಲೆಲ್ಲ ಕೆಲಸ ಮಾಡಿದೆ.

ಶಿಷ್ಟ ಕನ್ನಡವೂ ಈ ಒತ್ತಡಕ್ಕೆ ಹೊರತಲ್ಲ. ‘ಎರಡು ಗಂಟೆ ಕಾಲ’, ‘ಎರಡು ಗಂಟೆಗಳ ಅವಧಿ’ ಎಂಬ ತೇಪೆಗಳು ಅದರ ಫಲ. ಬರಹದಲ್ಲಿ ಬಹುವಚನ ಪ್ರತ್ಯಯ ಹಚ್ಚಿ ವ್ಯತ್ಯಾಸ ತೋರಿಸುವ ಪ್ರಯತ್ನವೂ ಇದೆ. ಮಾತಿನಲ್ಲಿ ಸಂಖ್ಯಾವಾಚಕದ ಮುಂದೆ ಬಹುವಚನ ಪ್ರತ್ಯಯವನ್ನು ಹಚ್ಚುವ ರೂಢಿ ಇಲ್ಲದ ಕಾರಣ ಅದು ಬಾಯಿಗೆ ಬರುವುದಿಲ್ಲ. ‘ಎರಡು ಗಂಟೆಯ ನಂತರ ಬನ್ನಿ’ ಎಂದು ಕಚೇರಿಯ ಗುಮಾಸ್ತ ಹೇಳಿದರೆ ಕೇಳಿದವನು ಮಧ್ಯಾಹ್ನ ಎರಡು ಹೊಡೆದ ಮೇಲೆ ಬರಬೇಕೋ, ಈ ಕ್ಷಣದಿಂದ ಎರಡು ತಾಸು ಕಳೆದ ಮೇಲೆ ಬರಬೇಕೋ? ‘ಎರಡ ತಾಸಿನ ಮ್ಯಾಲ ಬರ್ರಿ’ ಎಂದಾಗ ಈ ಸಂದೇಹ ಹುಟ್ಟುವುದೇ ಇಲ್ಲ. ‘ನಾಳೆ ಏಳು ಗಂಟೆ ಕರೆಂಟು’ ಎಂಬ ಸುದ್ದಿಯನ್ನು ಕೇಳಿದ ರೈತ ಏಳಕ್ಕೆ ಎದ್ದು ಪಂಪಿನ ಬಳಿಗೆ ಓಡಬೇಕೋ, ಏಳು ತಾಸು ನೀರು ಹಾಯಿಸಬಹುದೆಂದು ಸಮಾಧಾನದಿಂದಿರಬೇಕೋ ತಿಳಿಯುವುದಿಲ್ಲ. ಬಾವಿಯ ನೀರನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಪಾಳಿಯ ಲೆಕ್ಕವನ್ನು ತಾಸಿನಲ್ಲಿ ಮಾಡುವುದು ಈ ಸೀಮೆಯಲ್ಲಿ ಸುಮ್ಮನೆ ಬಂದ ರೂಢಿಯಲ್ಲ. ಅಂತಹ ಕಡೆ ದ್ವಂದ್ವಾರ್ಥದ ಪದವೊಂದು ಹೊಕ್ಕರೆ ಜಗಳಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಉದಾಹರಣೆ ಔಷಧದ್ದು. ‘ಎಂಟು ಗಂಟೆಗೆ ಒಂದು ಗುಳಿಗೆ’ ಎಂಬ ವಾಕ್ಯವನ್ನು ಎರಡು ಬಗೆಯಾಗಿ ಅರ್ಥೈಸಬಹುದು. ಎಂಟು ಹೊಡೆದಾಗ ಒಂದು ಎಂದು ತಿಳಿದವನು ದಿನಕ್ಕೆ ಒಂದೋ ಎರಡೋ ಗುಳಿಗೆ ನುಂಗುತ್ತಾನೆ. ಎಂಟು ತಾಸಿಗೊಂದು ಎಂದು ತಿಳಿದವನು ಮೂರು ನುಂಗುತ್ತಾನೆ. ‘ಪ್ರತಿ’, ‘ಒಮ್ಮೆ’ ಮುಂತಾದ ಪದಗಳನ್ನು ಸೇರಿಸಿ ವಾಕ್ಯವನ್ನು ಸರಿಪಡಿಸಲು ಸಾಧ್ಯವಿದೆ, ನಿಜ. ಆದರೆ ಅವಸರದ ಮಾತಿನಲ್ಲಿ, ವಯಸ್ಸಾದವರ ಕಿವಿಯಲ್ಲಿ, ಆ ಸೇರ್ಪಡೆಗಳು ಉಳಿಯುತ್ತವೆಂಬ ಭರವಸೆ ಇಲ್ಲ. ‘ಎಂಟ ತಾಸಿಗೊಂದ ಗುಳಿಗಿ’ ಎಂದರೆ ಬಸವನ ಬಾಗೇವಾಡಿಯ ಅಜ್ಜಿ ಮತ್ತೊಮ್ಮೆ ಕೇಳುವುದಿಲ್ಲ. ಇಂತಹ ಖಚಿತತೆ ಆಡುಮಾತಿನಲ್ಲಿ ತಾನಾಗಿಯೇ ದೊರೆತಿರುವಾಗ, ಅದನ್ನು ತಿದ್ದಿ ಅಸ್ಪಷ್ಟಗೊಳಿಸುವ ಶಿಷ್ಟತೆಯಿಂದ ಯಾರಿಗೆ ಪ್ರಯೋಜನ?

‘ತಾಸು’ ಈ ಸೀಮೆಯಲ್ಲಿ ಒಂಟಿ ಪದವೂ ಅಲ್ಲ. ಅದರ ಸುತ್ತ ಒಂದು ಪದಕುಟುಂಬವೇ ಬೆಳೆದಿದೆ. ಪಾವ ತಾಸು, ಅರ್ಧ ತಾಸು, ಪೌಣ ತಾಸು, ಸವ್ವಾ ತಾಸು, ದೀಡ ತಾಸು, ಅಡೀಚ ತಾಸು ಎಂದು ಕಾಲು ಕಾಲು ಭಾಗದ ಲೆಕ್ಕ ಇದೆ. ಬೇಸರವನ್ನು ಸೂಚಿಸಲು ‘ತಾಸುಗಟ್ಟಲೆ’. ನಿಖರತೆ ಬೇಡವಾದಾಗ ‘ತಾಸೊತ್ತು’. ಇಲ್ಲಿ ಅರಬ್ಬಿಯ ತಾಸಿಗೆ ದ್ರಾವಿಡದ ‘ಹೊತ್ತು’ ಬೆಸೆದುಕೊಂಡಿದೆ. ಶಾಲೆಯ ಪಾಠದ ಅವಧಿಯನ್ನು ‘ಗಣಿತದ ತಾಸು’, ‘ಕನ್ನಡದ ತಾಸು’ ಎನ್ನುವ ಹಳೆಯ ತಲೆಮಾರಿನ ಶಿಕ್ಷಕರ ಮಾತು ಈಗ ಕ್ಷೀಣಿಸುತ್ತಿದ್ದು ‘ಪೀರಿಯಡ್’ ಆ ಜಾಗಕ್ಕೆ ಬಂದಿದೆ. ಗಂಟೆಗೂ ತಾಸಿಗೂ ಇರುವ ಗಡಿ ಎಲ್ಲರ ಬಾಯಲ್ಲೂ ಸಮಾನವಾಗಿ ಬಿಗಿಯಾಗಿದೆ ಎಂದೇನೂ ಹೇಳಲಾಗದು. ಶಾಲೆ, ದೂರದರ್ಶನಗಳ ಪ್ರಭಾವದಿಂದ ಅವಧಿಗೂ ‘ಗಂಟೆ’ ಎನ್ನುವವರು ಇದ್ದಾರೆ. ನಗರದ ಕಡೆ ಮುಖ ಮಾಡಿದ ಯುವಕರು ‘ಟೂ ಅವರ್ಸ್’ ಎಂದು ಎರಡನ್ನೂ ದಾಟಿಹೋಗಿದ್ದಾರೆ.

‘ಹೊತ್ತು’ ಎಂಬುದರ ವಿಚಾರವನ್ನು ಇಲ್ಲಿ ಬಿಡಲಾಗದು. ತಮಿಳಿನ ‘ಪೊೞುದು’ ಎಂಬುದರೊಡನೆ ಸಂಬಂಧವಿರುವ ಈ ದೇಶ್ಯ ಪದಕ್ಕೆ ಸೂರ್ಯ ಮತ್ತು ಸಮಯ ಎಂಬ ಎರಡೂ ಅರ್ಥಗಳಿವೆ. ‘ಹೊತ್ತ ಮುಣಗಿತು’ ಎಂದರೆ ಸೂರ್ಯ ಮುಳುಗಿದ. ‘ಇವತ್ತು’, ‘ಅವತ್ತು’, ‘ಯಾವತ್ತು’ ಎಂಬ ಪದಗಳ ಒಳಗೂ ಇದೇ ಹೊತ್ತು ಅಡಗಿ ಕುಳಿತಿದೆ. ‘ಟೈಮ್’ ಎಂಬ ಇಂಗ್ಲಿಷ್ ಪದ ಈ ನಾಲ್ಕೂ ತಾಲ್ಲೂಕುಗಳಲ್ಲಿ ‘ವ್ಯಾಳ್ಯಾ’ದ ಬಹುಪಾಲು ಜಾಗವನ್ನು ಕಸಿದುಕೊಂಡಿದ್ದರೂ ‘ಹೊತ್ತು’ ಎಂಬುದನ್ನು ಅಷ್ಟು ಸುಲಭವಾಗಿ ಅಲುಗಿಸಲಾರದು. ಎರಡಕ್ಕೂ ನಡುವೆ ಇರುವ ಅಂತರವನ್ನು ನಿಮಿಷದ ಲೆಕ್ಕದಲ್ಲಿಯೇ ಹೇಳಬಹುದು. 1880ರ ದಶಕದಲ್ಲಿ ಹೊಟಗಿ-ಗದಗ ರೈಲುಮಾರ್ಗ ಇಂಡಿ ರೋಡ್, ವಿಜಯಪುರಗಳನ್ನು ಹಾದು ಬಂದಾಗ ರೈಲ್ವೆಯವರು ಅನುಸರಿಸುತ್ತಿದ್ದುದು ಮದ್ರಾಸಿನ ಸಮಯವನ್ನು. 1906ರಲ್ಲಿ ಭಾರತೀಯ ಪ್ರಮಾಣಿತ ಸಮಯ ಜಾರಿಗೆ ಬಂದಿತು. ಅದರ ಆಧಾರ 82.5 ಡಿಗ್ರಿ ರೇಖಾಂಶ. ವಿಜಯಪುರ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ. ರೈತನ ಹೊತ್ತು ಕೈಗಡಿಯಾರದ ಟೈಮಿಗಿಂತ ಒಂದು ಗಳಿಗೆಗೂ ತುಸು ಹೆಚ್ಚು ಹಿಂದಿದೆ. ‘ಹೊತ್ತ ನೆತ್ತಿಗೆ ಬಂತು’ ಎಂಬುದನ್ನು ‘ಹನ್ನೆರಡಾಯಿತು’ ಎಂದು ಅನುವಾದಿಸುವವರು ಈ 27 ನಿಮಿಷಗಳನ್ನು ನುಂಗಿಹಾಕುತ್ತಾರೆ.

‘ತಾಸು’ ವಿರುದ್ಧದ ಇನ್ನೊಂದು ಆಕ್ಷೇಪ, ಅದು ದಕ್ಷಿಣದವರಿಗೆ ಅರ್ಥವಾಗದು ಎಂಬುದು. ಇಂದಿನ ಕನ್ನಡ ದಿನಪತ್ರಿಕೆಗಳನ್ನು ಓದುವವರಿಗೆ ಈ ಆಕ್ಷೇಪ ಬಲವಾದುದೆನಿಸದು. ಸುದ್ದಿಯ ವಾಕ್ಯಗಳಲ್ಲಿ ‘ತಾಸು’ ಈಗಾಗಲೇ ತುಂಗಭದ್ರೆಯನ್ನು ದಾಟಿದೆ. ಎರಡಕ್ಷರದ ಪದ, ಅರ್ಥ ಖಚಿತ. ಸ್ಥಳಾಭಾವದಲ್ಲಿ ಬರೆಯುವ ವರದಿಗಾರನಿಗೆ ‘ಗಂಟೆಗಳ ಕಾಲ’ಕ್ಕಿಂತ ಅದು ಹಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪತ್ರಿಕೆಗಳು ಅರಿತ ಈ ಅನುಕೂಲವನ್ನು ಪಠ್ಯಪುಸ್ತಕ ರಚನಾಕಾರರೂ ಕೋಶಕಾರರೂ ಇನ್ನೂ ಪೂರ್ತಿಯಾಗಿ ಗುರುತಿಸಿಲ್ಲ.

ಮರಾಠಿಯ ಪ್ರಭಾವ ಎಂಬ ಆಕ್ಷೇಪದ ಹಿಂದೆ ಗಡಿವಿವಾದದ ಕಹಿ ನೆನಪುಗಳೂ ಇವೆಯೆಂಬುದನ್ನು ಒಪ್ಪಬೇಕು. ಆದರೆ ಇಂಡಿಯ ಉತ್ತರದ ಅಂಚಿನಿಂದ ಆಚೆಗಿನ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡಿಗರು ಆಡುವ ಕನ್ನಡವೂ ತಾಸಿನ ಕನ್ನಡವೇ. ಅವರ ಭಾಷೆಯನ್ನು ಕನ್ನಡವೆಂದು ಮಹಾಜನ ಆಯೋಗದ ಮುಂದೆ ವಾದಿಸಿದ ನಾಡು, ಅದೇ ಭಾಷೆಯ ಪದವನ್ನು ತರಗತಿಯಲ್ಲಿ ಮರಾಠಿಯೆಂದು ತಳ್ಳುವುದು ವಿಸಂಗತ. ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಈ ಸೀಮೆಯ ಹೆಣ್ಣುಮಕ್ಕಳ ನುಡಿಗೆ ಸಾಹಿತ್ಯದಲ್ಲಿ ಮರ್ಯಾದೆ ದೊರೆಯಿತು. ಹಾಡಿಗೆ ದೊರೆತ ಆ ಮನ್ನಣೆ ದಿನಬಳಕೆಯ ಮಾತಿಗೆ ದೊರೆಯದೆ ಹೋಯಿತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ‘ತಾಸು’ ಎಂಬುದಕ್ಕೆ ‘ಗಂಟೆ ನೋಡಿ’ ಎಂದು ಬರೆದು ಕೈತೊಳೆದುಕೊಳ್ಳುವ ಚಿಕ್ಕ ಶಾಲಾಕೋಶಗಳು ಅವಧಿ ಮತ್ತು ಸಮಯಬಿಂದುಗಳ ಭೇದವನ್ನು ಉದಾಹರಣೆಯೊಡನೆ ನಮೂದಿಸಬೇಕು. ಉತ್ತರ ಪತ್ರಿಕೆಗಳಲ್ಲಿ ಈ ಪದವನ್ನು ದೋಷವೆಂದು ಗುರುತಿಸಬಾರದೆಂಬ ಸೂಚನೆ ಮೌಲ್ಯಮಾಪಕರಿಗೆ ಹೋಗಬೇಕು. ಕ್ಷೇತ್ರಕಾರ್ಯದ ಅಗತ್ಯವೂ ಇದೆ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಭಾಷೆಯ ಮಟ್ಟಿಗೆ ಹಳೆಯ ನಾಲ್ಕು ತಾಲ್ಲೂಕುಗಳ ಹರವನ್ನೇ ಗಮನದಲ್ಲಿ ಇಟ್ಟುಕೊಳ್ಳುವುದು ಉಚಿತ. ಭೀಮೆಯ ದಂಡೆಯ ಇಂಡಿ ಮತ್ತು ಸಿಂದಗಿಗಳಲ್ಲಿ, ಕೃಷ್ಣೆಯ ದಂಡೆಯ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳಗಳಲ್ಲಿ ಗಂಟೆ-ತಾಸುಗಳ ಗಡಿ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ? ಸವ್ವಾ, ದೀಡ, ಅಡೀಚಗಳು ಯಾವ ವಯೋಮಾನದವರೆಗೆ ಉಳಿದಿವೆ? ಹಿಂದೆ ನಿಜಾಮರ ಆಡಳಿತದಲ್ಲಿದ್ದ ಸುರಪುರ, ಅಫಜಲಪುರಗಳ ಕಡೆಗೆ ಹೋದಂತೆ ಬಳಕೆ ಬದಲಾಗುತ್ತದೆಯೇ? ಪಾಳಿಯ ಲೆಕ್ಕವನ್ನು ಬಾಯಲ್ಲಿಯೇ ಇಟ್ಟುಕೊಂಡಿರುವ ಹಿರಿಯರು ಇರುವಾಗಲೇ ಈ ಪ್ರಶ್ನೆಗಳನ್ನು ಕೇಳಬೇಕಾಗಿದೆ. ಮೊದಲ ಪ್ರಶ್ನಾವಳಿಯನ್ನು ನೀರಾವರಿ ಬಾವಿಗಳ ಸುತ್ತ ಹೆಣೆಯುವುದು ಲೇಸು. ಅಲ್ಲಿ ತಾಸಿಗೆ ಬೆಲೆಯಿದೆ, ಲೆಕ್ಕ ತಪ್ಪಿದರೆ ಕೇಳುವವರೂ ಇದ್ದಾರೆ.